ಸದ್ಯಕ್ಕೆ ಕೈಯಲ್ಲಿಲ್ಲ: ಚೀನೀ ಮಾತಿನಲ್ಲಿ ದುಡ್ಡು ಮತ್ತು ಈ ಹೊತ್ತು



ಮೊದಲು ನಿಮ್ಮನ್ನು ಒಂದು ಕಿರಾಣಿ ಅಂಗಡಿಯ ಮುಂದೆ ನಿಲ್ಲಿಸುತ್ತೇನೆ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ದೇವರ ಪಟ, ಅದರ ಪಕ್ಕದಲ್ಲಿ ಬಣ್ಣದಲ್ಲಿ ಬರೆದ ಹಲಗೆ: ‘ಇಂದು ನಗದು, ನಾಳೆ ಸಾಲ’. ನಾಳೆ ಹೋದರೂ ಹಲಗೆ ಅದನ್ನೇ ಹೇಳುತ್ತದೆ. ಚಿಕ್ಕವನಿದ್ದಾಗ ನನಗೆ ಇದು ಬರೀ ಅಂಗಡಿಯವನ ಕಿಲಾಡಿತನವಾಗಿ ಕಾಣುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಚೀನೀ ಭಾಷೆಯ ಪಾಠಕ್ಕೆ ಕೂತಾಗ, ಹಲಗೆಯ ಮೇಲಿನ ‘ಇಂದು’ ಮತ್ತು ‘ನಗದು’ ಎರಡೂ ಚೀನೀಯರ ಬಾಯಲ್ಲಿ ಒಂದೇ ಉಸಿರಿನಲ್ಲಿ ಕೂಡಿಕೊಂಡಿರುವುದು ಗೊತ್ತಾಯಿತು.

ಆ ಉಸಿರು ‘ಶ್ಯೆನ್’. ಎತ್ತರದಿಂದ ಕೆಳಕ್ಕೆ ಧುಮುಕುವ ದನಿಯಲ್ಲಿ ಹೇಳಬೇಕು. ಅದರ ಮೂಲ ಅರ್ಥ ಕಣ್ಣಿಗೆ ಕಾಣಿಸಿಕೊಳ್ಳುವುದು, ಎದುರಿಗಿರುವುದು. ‘ಶ್ಯೆನ್‌ತ್ಸಾಯ್’ ಅಂದರೆ ಈಗ. ‘ಶ್ಯೆನ್‌ಜ್ವಾಂಗ್’ ಅಂದರೆ ಸದ್ಯದ ಪರಿಸ್ಥಿತಿ. ‘ಶ್ಯೆನ್‌ಜಿನ್’ ಅಂದರೆ ನಗದು. ಅಕ್ಷರಶಃ ಹೇಳುವುದಾದರೆ ಕಣ್ಣೆದುರಿಗಿರುವ ಲೋಹ. ಕಂಡದ್ದೇ ಈ ಹೊತ್ತು, ಕಂಡದ್ದೇ ದುಡ್ಡು. ಬರಬೇಕಾದ ಬಾಕಿ, ಕೊಡುತ್ತೇನೆಂದ ಮಾತು, ಮುಂದಿನ ಸುಗ್ಗಿಯ ಆಸೆ, ಇವು ಯಾವುವೂ ಶ್ಯೆನ್ ಆಗಲಾರವು.

ಇನ್ನು ‘ದುಡ್ಡು’ ಅನ್ನುವುದಕ್ಕೆ ಚೀನೀ ಪದ ‘ಛ್ಯೆನ್’. ಇದನ್ನು ಪ್ರಶ್ನೆ ಕೇಳುವವರ ಹಾಗೆ ದನಿ ಮೇಲಕ್ಕೆತ್ತಿ ಹೇಳಬೇಕು. ಇದೇ ದನಿಯಲ್ಲಿ ಇನ್ನೊಂದು ‘ಛ್ಯೆನ್’ ಇದೆ. ಬರೆಯುವ ಅಕ್ಷರ ಬೇರೆ, ಕಿವಿಗೆ ಮಾತ್ರ ಒಂದೇ. ಆ ಎರಡನೆಯ ಛ್ಯೆನ್‌ಗೆ ‘ಮುಂದೆ’ ಎಂಬ ಅರ್ಥ. ‘ಮೂ’ ಅಂದರೆ ಕಣ್ಣು. ‘ಮೂಛ್ಯೆನ್’ ಅಂದರೆ ಕಣ್ಣ ಮುಂದೆ, ಅಂದರೆ ಸದ್ಯಕ್ಕೆ. ಹಣವಿಲ್ಲ ಅನ್ನುವುದಕ್ಕೆ ‘ಮೇ ಛ್ಯೆನ್’. ಎರಡನ್ನೂ ಜೋಡಿಸಿ ನೋಡಿ: ‘ಮೂಛ್ಯೆನ್ ಮೇ ಛ್ಯೆನ್’. ಸದ್ಯಕ್ಕೆ ದುಡ್ಡಿಲ್ಲ! ಸಾಲ ಕೇಳಲು ಬಂದ ನೆಂಟನಿಗೆ ಪ್ರಾಸಬದ್ಧವಾಗಿಯೇ ಉತ್ತರ ಕೊಟ್ಟುಬಿಡಬಹುದು.

ಈ ಎರಡು ಛ್ಯೆನ್‌ಗಳ ಹೋಲಿಕೆ ಒಂದು ಕಾಲದ ಮನಸ್ಸನ್ನೇ ಹಿಡಿದುಕೊಟ್ಟಿತು. 1978ರ ಡಿಸೆಂಬರ್‌ನಲ್ಲಿ ಚೀನದ ನಾಯಕ ಡೆಂಗ್ ಶಿಯಾವೊಪಿಂಗ್ ಮಾಡಿದ ಹೆಸರಾಂತ ಭಾಷಣದ ಕರೆಗಳಲ್ಲಿ ಒಂದು, ಎಲ್ಲರೂ ಒಗ್ಗಟ್ಟಾಗಿ ಮುಂದಕ್ಕೆ ನೋಡಬೇಕು ಎಂಬುದು. ಹಳೆಯ ಗಾಯಗಳನ್ನು ಕೆರೆಯುತ್ತ ಕೂರುವುದು ಬೇಡ, ಮುನ್ನೋಟವಿರಲಿ ಎಂದು ಅದರ ತಾತ್ಪರ್ಯ. ಸುಧಾರಣೆಯ ಗಾಳಿ ಬೀಸತೊಡಗಿದ ಮೇಲೆ ಜನ ಆ ಘೋಷಣೆಯ ಒಂದೇ ಒಂದು ಅಕ್ಷರ ಬದಲಿಸಿದರು. ಕಿವಿಗೆ ಅದೇ ಮಾತು, ಕಾಗದದ ಮೇಲೆ ಮಾತ್ರ ‘ದುಡ್ಡಿನ ಕಡೆಗೆ ನೋಡು’! ಮೇಲಧಿಕಾರಿ ಕೇಳಿಸಿಕೊಂಡರೂ ತಪ್ಪು ಹಿಡಿಯುವಂತಿಲ್ಲ. ಇದೇ ಆಟವನ್ನು ಭವಿಷ್ಯ ಎಂಬ ಪದದ ಮೇಲೂ ಆಡುತ್ತಾರೆ. ‘ಛ್ಯೆನ್‌ಥು’ ಅಂದರೆ ಮುಂದಿನ ಹಾದಿ. ಅಕ್ಷರ ಬದಲಿಸಿದರೆ ದುಡ್ಡಿನ ಹಾದಿ. ಇಂಥ ಕೆಲಸಕ್ಕೆ ಭವಿಷ್ಯವಿದೆಯೇ ಎಂದು ಯಾರಾದರೂ ಕೇಳಿದರೆ, ಯಾವ ಹಾದಿಯನ್ನು ಕೇಳುತ್ತಿದ್ದಾರೆ ಎಂದು ಬರೆದು ತೋರಿಸಿಯೇ ತಿಳಿದುಕೊಳ್ಳಬೇಕು.

ರೇಡಿಯೋದಲ್ಲಿ ನಿಮಗೆ ಅಕ್ಷರ ತೋರಿಸಲಾರೆ. ಬಾಯಿಂದಲೇ ಬಿಡಿಸಿ ಹೇಳುತ್ತೇನೆ, ನೀವು ಅಂಗೈಯ ಮೇಲೆ ಬೆರಳಿನಿಂದ ಬರೆದುಕೊಳ್ಳಿ. ಚೀನೀ ಬರಹದಲ್ಲಿ ಕವಡೆಗೆ ಒಂದು ಗುರುತಿದೆ, ಅದರ ಹೆಸರು ‘ಬೇಯ್’. ಲೋಹದ ನಾಣ್ಯಗಳು ಬರುವುದಕ್ಕೆ ಮೊದಲು ಅಲ್ಲಿ ಕವಡೆಗೆ ಬೆಲೆಯಿತ್ತು. ಶಾಂಗ್ ವಂಶದ ಕಾಲದಲ್ಲಿ, ಅಂದರೆ ಮೂರು ಸಾವಿರ ವರ್ಷಗಳಿಗೂ ಹಿಂದೆ, ಫೂ ಹಾವ್ ಎಂಬ ರಾಣಿಯನ್ನು ಸಮಾಧಿ ಮಾಡಿದಾಗ ಅವಳ ಜೊತೆ ಆರು ಸಾವಿರಕ್ಕೂ ಹೆಚ್ಚು ಕವಡೆಗಳನ್ನು ಇಟ್ಟಿದ್ದರು. 1976ರಲ್ಲಿ ಆನ್‌ಯಾಂಗ್ ಬಳಿ ಆ ಸಮಾಧಿ ಸಿಕ್ಕಿತು. ಕವಡೆಯ ಚಲಾವಣೆ ಎಂದೋ ನಿಂತುಹೋಯಿತು. ಅಕ್ಷರದೊಳಗೆ ಮಾತ್ರ ಅದು ಇನ್ನೂ ಚಲಾವಣೆಯಲ್ಲಿದೆ. ಸಂಪತ್ತು, ಸರಕು, ಸಾಲ, ಶುಲ್ಕ, ದುಬಾರಿ, ಅಗ್ಗ, ಲಾಭ, ನಷ್ಟಪರಿಹಾರ, ಇಷ್ಟೂ ಪದಗಳ ಅಕ್ಷರಗಳಲ್ಲಿ ಒಂದೊಂದು ಕವಡೆ ಕೂತಿದೆ.

ಇವುಗಳಲ್ಲಿ ಎರಡು ಅಕ್ಷರಗಳನ್ನು ಬಿಡಿಸಿ ನೋಡಬೇಕು. ಮೇಲೆ ‘ಹಂಚು’ ಅನ್ನುವ ಗುರುತು, ಕೆಳಗೆ ಕವಡೆ: ಇದು ‘ಬಡವ’. ಇದ್ದ ಕವಡೆ ಹಂಚಿಹೋಯಿತು, ಪಾಲಾಯಿತು, ಬಡತನ ಬಂತು. ಆಸ್ತಿ ಪಾಲಾದ ಮನೆಗಳನ್ನು ಕಂಡವರಿಗೆ ಈ ಅಕ್ಷರಕ್ಕೆ ಟೀಕೆ ಬೇಕಿಲ್ಲ. ಎರಡನೆಯದರಲ್ಲಿ ಮೇಲೆ ‘ಇಂದು’ ಅನ್ನುವ ಗುರುತು, ಕೆಳಗೆ ಅದೇ ಕವಡೆ: ಇದು ‘ದುರಾಸೆ’. ಪಂಡಿತರನ್ನು ಕೇಳಿದರೆ, ಆ ‘ಇಂದು’ ಬಂದಿರುವುದು ಉಚ್ಚಾರಣೆಯ ಸುಳಿವಿಗಾಗಿ, ಅರ್ಥಕ್ಕಲ್ಲ ಎನ್ನುತ್ತಾರೆ. ಅವರ ಮಾತು ಸರಿ. ಆದರೆ ಓದುವ ಕಣ್ಣು ಪಂಡಿತರ ಅಪ್ಪಣೆಗೆ ಕಾಯುವುದಿಲ್ಲ. ಕವಡೆ ಇವತ್ತೇ, ಈಗಲೇ ಬೇಕು ಅನ್ನುವುದೇ ದುರಾಸೆ ಎಂದು ಅದು ಓದಿಕೊಂಡುಬಿಡುತ್ತದೆ. ‘ಬಡವ’ ಮತ್ತು ‘ದುರಾಸೆ’ ನೋಡಲು ಎಷ್ಟು ಹತ್ತಿರವೆಂದರೆ, ಕಲಿಯುವವರು ಅವಸರದಲ್ಲಿ ಒಂದನ್ನು ಬರೆಯಲು ಹೋಗಿ ಇನ್ನೊಂದನ್ನು ಬರೆಯುತ್ತಾರೆ.

ಕವಡೆ ನಮಗೇನೂ ಹೊಸದಲ್ಲ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ಇವತ್ತಿಗೂ ಬೈಯುತ್ತೇವೆ. ಚೀನೀಯರ ಅಕ್ಷರದಲ್ಲಿ ಸಿರಿಯಾಗಿ ಉಳಿದ ಕವಡೆ ನಮ್ಮ ಬಾಯಲ್ಲಿ ಕವಡೆ ಕಾಸಾಗಿ ಸವೆಯಿತು. ಆ ‘ಕಾಸು’ ಪದದ್ದೂ ಒಂದು ಕಥೆಯಿದೆ. ದಕ್ಷಿಣ ಭಾರತದಲ್ಲಿ ತಮಿಳರೂ ನಾವೂ ಬಳಸುವ ಈ ಪದವನ್ನು ಪೋರ್ಚುಗೀಸರು ಕೇಳಿ ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಮುಂದೆ ಪೂರ್ವಕ್ಕೆ ಹೋದಾಗ ಚೀನದ ತೂತುಬಿದ್ದ ತಾಮ್ರದ ನಾಣ್ಯಕ್ಕೂ ಅದೇ ಹೆಸರನ್ನು ಅಂಟಿಸಿದರು. ಇಂಗ್ಲಿಷರು ಅದನ್ನು ‘ಕ್ಯಾಷ್’ ಎಂದರು. ಇಂದಿಗೂ ನಾಣ್ಯಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲಿ ಚೀನೀ ನಾಣ್ಯದ ಹೆಸರು ಅದೇ. ಬ್ಯಾಂಕಿನ ಕೌಂಟರಿನ ಮೇಲೆ ಬರೆದಿರುವ ‘ಕ್ಯಾಷ್’ ಬೇರೆ, ಅದು ಫ್ರೆಂಚರ ಪೆಟ್ಟಿಗೆಯಿಂದ ಬಂದ ಪದ. ಚೀನೀ ನಾಣ್ಯದ ಕ್ಯಾಷ್ ಮಾತ್ರ ನಮ್ಮ ಕಾಸಿನ ವಂಶದ್ದೇ. ಪದ ಅತ್ತ ಹೋದಂತೆ ನಾಣ್ಯ ಇತ್ತಲೂ ಬಂದಿದೆ. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ಮತ್ತು ರೋಮಿನ ಬೆಳ್ಳಿನಾಣ್ಯದ ಜೊತೆಗೆ ಚೀನದ ನಾಣ್ಯವೊಂದು ಸಿಕ್ಕಿದ್ದು ಪುರಾತತ್ವದ ವರದಿಗಳಲ್ಲಿ ದಾಖಲಾಗಿದೆ.

ಆ ತೂತಿನ ನಾಣ್ಯ ದುಂಡಗಿರುತ್ತದೆ, ನಡುವಿನ ತೂತು ಚೌಕ. ದಾರಕ್ಕೆ ಪೋಣಿಸಿ ಸರ ಮಾಡಿ ಒಯ್ಯುತ್ತಿದ್ದರು. ಕ್ರಿಸ್ತಶಕ 300ರ ಸುಮಾರಿಗೆ, ಜಿನ್ ವಂಶದ ಆಳ್ವಿಕೆಯಲ್ಲಿ ಲಂಚ ಮೇರೆ ಮೀರಿದ್ದಾಗ, ಲೂ ಬಾವ್ ಎಂಬ ಲೇಖಕ ದುಡ್ಡೆಂಬ ದೇವರ ಬಗ್ಗೆ ಒಂದು ವಿಡಂಬನೆ ಬರೆದ. ಅದರಲ್ಲಿ ನಾಣ್ಯಕ್ಕೆ ಅವನು ಕೊಟ್ಟ ಹೆಸರು ‘ಚೌಕ ತೂತಿನ ಅಣ್ಣ’. ಜನ ಇವನನ್ನು ಒಡಹುಟ್ಟಿದ ಹಿರಿಯನಂತೆ ಪ್ರೀತಿಸುತ್ತಾರೆ ಎಂದು ಅವನ ಕುಹಕ. ಆ ಹೆಸರು ನಿಂತುಬಿಟ್ಟಿತು. ಈಗಲೂ ಹಣವನ್ನು ತಮಾಷೆಯಾಗಿ ‘ಖುಂಗ್‌ಫಾಂಗ್ ಶ್ಯುಂಗ್’ ಅನ್ನುವುದುಂಟು. ತೂತಿನ ನಾಣ್ಯ ಹೋಗಿ ನೋಟು ಬಂದ ಮೇಲೂ ಈ ನೆಂಟಸ್ತಿಕೆ ಬಿಟ್ಟುಹೋಗಲಿಲ್ಲ. 1999ರ ಸರಣಿಯಿಂದ ಎಲ್ಲ ನೋಟುಗಳ ಮೇಲೂ ಮಾವೋ ಮುಖ ಬಂತು. ನೂರು ಯುವಾನಿನ ಕೆಂಪು ನೋಟಿಗೆ ಹುಡುಗರು ಇಟ್ಟ ಹೆಸರು ‘ಮಾವೋ ತಾತ’. ಚಿಲ್ಲರೆಯ ಲೆಕ್ಕದಲ್ಲಿ ಯುವಾನಿನ ಹತ್ತನೇ ಒಂದು ಪಾಲಿಗೆ ಆಡುಮಾತಿನಲ್ಲಿ ‘ಮಾವ್’ ಎಂದೇ ಹೆಸರು. ಅದಕ್ಕೆ ಕೂದಲು ಎಂಬ ಅರ್ಥವೂ ಇದೆ, ಮಾವೋ ಮನೆತನದ ಹೆಸರಿಗೂ ಅದೇ ಅಕ್ಷರ.

ನಾವಾದರೂ ಏನು ಕಡಮೆ? ‘ದುಡ್ಡೇ ದೊಡ್ಡಪ್ಪ’ ಎಂದವರು ನಾವೇ ತಾನೆ! ಅಲ್ಲಿ ಅಣ್ಣ, ತಾತ, ಇಲ್ಲಿ ದೊಡ್ಡಪ್ಪ. ಎರಡೂ ಕಡೆ ದುಡ್ಡನ್ನು ಹಿರಿಯರ ಸಾಲಿನಲ್ಲೇ ಕೂರಿಸಿದ್ದಾರೆ. ತಮ್ಮ ಎಂದೋ ಮೊಮ್ಮಗ ಎಂದೋ ಯಾರೂ ಕರೆಯಲಿಲ್ಲ. ಹಿರಿಯರ ಮಾತನ್ನು ಮನೆಯಲ್ಲಿ ಮೀರುವಂತಿಲ್ಲವಲ್ಲ. ಇನ್ನೊಂದು ಚೀನೀ ಗಾದೆಯ ಪ್ರಕಾರ ದುಡ್ಡಿದ್ದರೆ ದೆವ್ವದ ಕೈಯಲ್ಲೂ ಬೀಸುಕಲ್ಲು ಬೀಸಿಸಬಹುದು. ಅದನ್ನು ಕೇಳಿದ ಕನ್ನಡಿಗನ ಬಾಯಿಗೆ ತಟ್ಟನೆ ಬರುವುದು ‘ಹಣ ಅಂದ್ರೆ ಹೆಣಾನೂ ಬಾಯಿ ಬಿಡುತ್ತೆ’. ಅವರ ದೆವ್ವ ದುಡಿಯುತ್ತದೆ, ನಮ್ಮ ಹೆಣ ಬಾಯಿ ಬಿಡುತ್ತದೆ. ಎರಡೂ ಊರುಗಳಲ್ಲಿ ಸತ್ತವರಿಗೂ ಬಿಡುವಿಲ್ಲ.

ಈ ಅಣ್ಣನ ಹೆಸರನ್ನೇ ಎತ್ತುವುದಿಲ್ಲ ಎಂದು ಹಟ ತೊಟ್ಟವನೂ ಅದೇ ಜಿನ್ ವಂಶದ ಕಾಲದಲ್ಲಿದ್ದ. ವಾಂಗ್ ಯೆನ್ ಎಂಬ ಅಧಿಕಾರಿ. ತತ್ತ್ವದ ಹರಟೆಯಲ್ಲಿ ನಿಸ್ಸೀಮ. ದುಡ್ಡು ಎಂಬ ಪದ ಬಾಯಲ್ಲಿ ಬಂದರೆ ನಾಲಗೆ ಮೈಲಿಗೆ ಎಂದುಕೊಂಡವನು. ಹೆಂಡತಿಗೋ ದುಡ್ಡಿನ ಮೇಲೆ ಅಪಾರ ಮೋಹ. ಒಂದು ರಾತ್ರಿ ಅವನು ಮಲಗಿದ್ದಾಗ ಆಕೆ ದಾಸಿಯ ಕೈಯಿಂದ ಮಂಚದ ಸುತ್ತ ನಾಣ್ಯಗಳನ್ನು ಸುರಿಸಿ ದಾರಿ ಕಟ್ಟಿಸಿದಳು. ಬೆಳಗ್ಗೆ ಎದ್ದರೆ ಕಾಲಿಡಲು ಜಾಗವಿಲ್ಲ. ಈಗಲಾದರೂ ದುಡ್ಡು ಎಂದಾನು ಎಂದು ಆಕೆಯ ಎಣಿಕೆ. ಅವನು ದಾಸಿಯನ್ನು ಕರೆದು, ‘ಇದನ್ನೆಲ್ಲ’ ಎತ್ತು ಎಂದನೇ ಹೊರತು ಹೆಸರು ಹೇಳಲಿಲ್ಲ. ಆ ಕಾಲದ ಆಡುನುಡಿಯಲ್ಲಿ ‘ಆದು’ ಅಂದರೆ ಬರೀ ‘ಇದು’. ಕೊನೆಗೆ ಏನಾಯಿತು ಗೊತ್ತೇ? ‘ಆದುವು’, ಅಂದರೆ ‘ಈ ವಸ್ತು’ ಎಂಬುದೇ ದುಡ್ಡಿನ ಇನ್ನೊಂದು ಹೆಸರಾಗಿ ನಿಘಂಟು ಸೇರಿತು! ಹೆಸರು ಹೇಳದೆ ತಪ್ಪಿಸಿಕೊಳ್ಳಲು ಹೋದವನು ದುಡ್ಡಿಗೆ ಹೊಸದೊಂದು ನಾಮಕರಣ ಮಾಡಿಹೋದ.

ಇಲ್ಲಿಯವರೆಗೆ ಹೇಳಿದ್ದು ದುಡ್ಡಿದ್ದಾಗಿನ ಮಾತು. ಭಾಷೆಯ ನಿಜವಾದ ಜಾಣ್ಮೆ ಕಾಣುವುದು ದುಡ್ಡಿಲ್ಲದಾಗ. ‘ನಾನು ಬಡವ’ ಎಂದು ಇನ್ನೊಬ್ಬರ ಮುಂದೆ ಹೇಳುವುದು ಯಾವ ಭಾಷೆಯಲ್ಲೂ ಸುಲಭವಲ್ಲ. ‘ಮುಖ ಉಳಿಸಿಕೊಳ್ಳುವುದು’ ಬಲು ಮುಖ್ಯವಾದ ಚೀನೀ ಸಮಾಜದಲ್ಲಂತೂ ಇನ್ನೂ ಕಷ್ಟ. ಹಾಗಾಗಿ ಅವರು ಇಲ್ಲದಿರುವಿಕೆಯ ಹೊಣೆಯನ್ನು ತಮ್ಮ ಮೇಲಿಂದ ಇಳಿಸಿ ಅಕ್ಕಪಕ್ಕದ ವಸ್ತುಗಳ ಮೇಲೆ ಹೊರಿಸಿದರು. ಬಡತನ ಮನುಷ್ಯನದ್ದಲ್ಲ, ಅವನ ಚೀಲದ್ದು, ತೋಳಿನದ್ದು, ಗೋಡೆಯದ್ದು.

ಚೀಲದ ಕಥೆಯನ್ನೇ ಕೇಳಿ. ರುವಾನ್ ಫೂ ಎಂಬ ಕುಡುಕ ಅಧಿಕಾರಿಯೊಬ್ಬ ಕಪ್ಪು ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಖ್ವೈಜಿ ಎಂಬ ಊರ ಕಡೆ ಅಡ್ಡಾಡುತ್ತಿದ್ದ. ಚೀಲದಲ್ಲಿ ಏನಿದೆ ಎಂದು ಯಾರೋ ಕೇಳಿದರು. ಒಂದೇ ಒಂದು ಕಾಸು ಇಟ್ಟಿದ್ದೇನೆ, ಚೀಲಕ್ಕೆ ಕಾವಲಿಗಿರಲಿ ಅಂತ. ಪೂರಾ ಬರಿದಾದರೆ ಪಾಪ ಅದಕ್ಕೆ ನಾಚಿಕೆಯಾದೀತು ಎಂದನಂತೆ. ಅಂದಿನಿಂದ ಚೀನೀಯರಲ್ಲಿ ‘ಚೀಲಕ್ಕೆ ನಾಚಿಕೆ’ ಎಂಬುದು ದುಡ್ಡಿಲ್ಲ ಎನ್ನುವುದಕ್ಕೆ ನಯವಾದ ನುಡಿಗಟ್ಟು. ನಾಚಬೇಕಾದವನು ಹಾಯಾಗಿ ಕೈಬೀಸಿಕೊಂಡು ಹೋಗುತ್ತಾನೆ, ಚೀಲ ತಲೆತಗ್ಗಿಸಿ ಹಿಂದೆ ಹೋಗುತ್ತದೆ.

ತೋಳಿನ ಕಥೆ ‘ಜುವಾಂಗ್‌ತ್ಸು’ ಗ್ರಂಥದ್ದು. ಕನ್‌ಫ್ಯೂಷಿಯಸನ ಶಿಷ್ಯ ತ್ಸೆಂಗ್‌ತ್ಸು ವೇಯ್ ರಾಜ್ಯದಲ್ಲಿ ಕಡುಬಡತನದಲ್ಲಿದ್ದ. ಮೂರು ದಿನವಾದರೂ ಒಲೆ ಹೊತ್ತುತ್ತಿರಲಿಲ್ಲ, ಹತ್ತು ವರ್ಷವಾದರೂ ಹೊಸ ಬಟ್ಟೆ ಕಾಣುತ್ತಿರಲಿಲ್ಲ. ಟೋಪಿ ನೆಟ್ಟಗೆ ಮಾಡಿಕೊಂಡರೆ ಅದರ ದಾರ ಹರಿಯುತ್ತಿತ್ತು. ಎದೆಯ ಮೇಲಿನ ಅಂಚು ಎಳೆದುಕೊಂಡರೆ ಮೊಣಕೈ ಹೊರಗೆ ಬರುತ್ತಿತ್ತು. ‘ಅಂಚು ಎಳೆದರೆ ಮೊಣಕೈ ಕಂಡಿತು’ ಎಂಬ ಆ ನಾಲ್ಕು ಅಕ್ಷರಗಳ ಮಾತನ್ನು ಇಂದಿನ ಪತ್ರಿಕೆಗಳು ಖರ್ಚು ನಿಭಾಯಿಸಲಾಗದೆ ಒದ್ದಾಡುವ ನಗರಸಭೆಗೂ ಕಂಪನಿಗೂ ಬಳಸುತ್ತವೆ. ತಲೆಗೆ ಹೊದ್ದರೆ ಕಾಲಿಗಿಲ್ಲ, ಕಾಲಿಗೆ ಹೊದ್ದರೆ ತಲೆಗಿಲ್ಲ ಎಂದು ಕಂಬಳಿ ಎಳೆದಾಡಿದ ನಮಗೆ ಈ ಚಿತ್ರ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಕಥೆ ಮೊಣಕೈಗೇ ಮುಗಿಯುವುದಿಲ್ಲ. ಆ ಹರಕು ಅಂಗಿಯಲ್ಲೇ ಅವನು ಹಳೆಯ ಸ್ತುತಿಗಳನ್ನು ಹಾಡಿದರೆ ದನಿ ಕಂಚಿನ ಗಂಟೆಯಂತೆ ಮೊಳಗುತ್ತಿತ್ತಂತೆ. ನುಡಿಗಟ್ಟು ಮೊಣಕೈಯನ್ನು ಉಳಿಸಿಕೊಂಡು ಹಾಡನ್ನು ಮರೆತಿದೆ.

ಇನ್ನು ಗೋಡೆಯ ಕಥೆ. ಸೂಮಾ ಶ್ಯಾಂಗ್‌ರು ಎಂಬ ಕವಿ, ಕ್ರಿಸ್ತಪೂರ್ವ ಎರಡನೆಯ ಶತಮಾನದವನು. ಕಬ್ಬಿಣದ ವ್ಯಾಪಾರದಲ್ಲಿ ಕೊಬ್ಬಿದ ಸಾಹುಕಾರನೊಬ್ಬನ ಔತಣಕ್ಕೆ ಹೋಗಿ ತಂತಿವಾದ್ಯ ನುಡಿಸಿದ. ಸಾಹುಕಾರನ ಮಗಳು ವೆನ್‌ಜುನ್, ಎಳೆಯ ವಿಧವೆ, ಬಾಗಿಲ ಸಂದಿಯಿಂದ ಕೇಳಿಸಿಕೊಂಡಳು. ಅದೇ ರಾತ್ರಿ ಇಬ್ಬರೂ ಚೆಂಗ್‌ಡುವಿಗೆ ಓಡಿಹೋದರು. ಮನೆಗೆ ಬಂದು ನೋಡಿದರೆ ಒಳಗೆ ನಿಂತಿದ್ದದ್ದು ನಾಲ್ಕು ಗೋಡೆ ಮಾತ್ರ! ‘ಮನೆಯಲ್ಲಿ ಬರೀ ನಾಲ್ಕು ಗೋಡೆ’ ಎಂಬ ನುಡಿಗಟ್ಟು ಹುಟ್ಟಿದ್ದು ಹೀಗೆ. ಮುಂದೆ ಅವರು ಸಾಹುಕಾರನ ಊರಿಗೇ ಮರಳಿ, ಬಂಡಿ ಕುದುರೆ ಮಾರಿ ಹೆಂಡದಂಗಡಿ ತೆರೆದರು. ಆಕೆ ಗಿರಾಕಿಗಳಿಗೆ ಸುರಿದುಕೊಟ್ಟಳು, ಕವಿ ಮೊಳಕಾಲ ಮೇಲಿನ ತುಂಡು ಬಟ್ಟೆಯುಟ್ಟು ನಡುಬೀದಿಯಲ್ಲಿ ಪಾತ್ರೆ ತಿಕ್ಕಿದ. ಮಾನಕ್ಕೆ ಅಂಜಿದ ಮಾವ ನೂರು ಆಳುಗಳನ್ನೂ ಹತ್ತು ಲಕ್ಷ ನಾಣ್ಯಗಳನ್ನೂ ಕೊಟ್ಟು ಕೈತೊಳೆದುಕೊಂಡ. ಬಡತನವನ್ನು ಬಚ್ಚಿಟ್ಟುಕೊಳ್ಳುವವರ ನಡುವೆ, ಅದನ್ನು ಬೀದಿಗೆ ತಂದು ಮಾವನ ಮುಖಕ್ಕೆ ಹಿಡಿದ ಜೋಡಿ ಇದು.

ಅಡುಗೆಮನೆಗೆ ಬಂದರೆ ಇಂಥ ಮಾತುಗಳ ರಾಶಿಯೇ ಇದೆ. ‘ಮಡಕೆಯ ಮುಚ್ಚಳ ತೆಗೆಯಲಾಗುತ್ತಿಲ್ಲ’ ಅಂದರೆ ಬೇಯಿಸಲು ಏನೂ ಇಲ್ಲ. ನಾವು ‘ಒಲೆ ಹೊತ್ತಿಲ್ಲ’ ಎನ್ನುತ್ತೇವೆ. ‘ವಾಯವ್ಯದ ಗಾಳಿ ಕುಡಿಯುವುದು’ ಅಂದರೆ ಉಪವಾಸ. ಚಳಿಗಾಲದಲ್ಲಿ ಉತ್ತರ ಚೀನದ ಮೇಲೆ ಆ ದಿಕ್ಕಿನಿಂದ ಸೈಬೀರಿಯಾದ ಗಾಳಿ ಬೀಸುತ್ತದೆ. ಹಸಿದ ಹೊಟ್ಟೆಗೆ ಅದು ಎಷ್ಟು ಕೊರೆಯುತ್ತದೆಂಬುದು ಅನುಭವಿಸಿದವರಿಗೇ ಗೊತ್ತು. ಸೆಕೆಯ ನಾಡಿನ ನಾವು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡೆವು, ಚಳಿಯ ನಾಡಿನ ಅವರು ಗಾಳಿ ಕುಡಿದರು. ಹಸಿವು ಒಂದೇ, ಹವಾಮಾನ ಬೇರೆ. ‘ಊಟ ಆಯ್ತಾ?’ ಎಂದು ನಾವು ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವಂತೆ ಅವರಲ್ಲೂ ‘ಉಂಡಿರಾ?’ ಎಂಬುದು ಹಳೆಯ ಕಾಲದಿಂದ ಬಂದ ಕುಶಲಪ್ರಶ್ನೆ. ನಿಮ್ಮ ಸದ್ಯದ ಪರಿಸ್ಥಿತಿ ಹೇಗಿದೆ ಎಂದು ಕೇಳುವುದಕ್ಕೆ ಇದಕ್ಕಿಂತ ನೇರವಾದ ಮಾತು ಇನ್ನೆಲ್ಲಿ ಸಿಕ್ಕೀತು?

ಸಾಲದ ಮಾತಿಗೂ ಬರ ಇಲ್ಲ. ‘ಪೂರ್ವದ ಗೋಡೆ ಕೆಡವಿ ಪಶ್ಚಿಮದ ಗೋಡೆಗೆ ತೇಪೆ’ ಅಂದರೆ ಇವರ ಸಾಲ ತೀರಿಸಲು ಅವರಲ್ಲಿ ಸಾಲ. ನಮ್ಮ ವ್ಯಾಪಾರಿಗಳು ಇದಕ್ಕೆ ‘ರೊಟೇಷನ್’ ಎಂದು ಹೆಸರಿಟ್ಟು ಗೌರವ ತಂದುಕೊಟ್ಟಿದ್ದಾರೆ. ‘ಹುಲಿಯಲ್ಲಿ ಮೊಲದ ದವಸ ತಿನ್ನುವುದು’ ಎಂಬ ಇನ್ನೊಂದಿದೆ. ಒಗಟಿನಂತೆ ಕೇಳಿಸುತ್ತದೆ, ಆದರೆ ಚೀನೀ ಪಂಚಾಂಗದಲ್ಲಿ ಹುಲಿಯ ವರ್ಷದ ಮರುವರ್ಷ ಮೊಲದ್ದು. 2022 ಹುಲಿ, 2023 ಮೊಲ. ಬರುವ ವರ್ಷದ ದವಸಕ್ಕೆ ಈ ವರ್ಷವೇ ಕೈ ಹಾಕುವುದು ಎಂದು ಅರ್ಥ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಬುದ್ಧಿವಾದವನ್ನು ಅವರ ಪ್ರಾಚೀನ ವಿಧಿಗ್ರಂಥ ‘ಲೀಜಿ’ ರಾಜ್ಯದ ಖಜಾನೆಗೇ ಹೇಳಿತ್ತು: ಬರುವುದನ್ನು ಅಳೆದು ಹೋಗುವುದನ್ನು ಗೊತ್ತುಮಾಡು. ಮತ್ತೆ ‘ಒಂದು ಪೈಸೆ ದುಡ್ಡಿಗೆ ಒಂದು ಪೈಸೆ ಸರಕು’ ಎಂಬ ಅವರ ಸಂತೆಮಾತಿಗೆ ‘ಕಾಸಿಗೆ ತಕ್ಕ ಕಜ್ಜಾಯ’ಕ್ಕಿಂತ ಒಳ್ಳೆಯ ಅನುವಾದ ಯಾರೂ ಮಾಡಲಾರರು.

ಇವೆಲ್ಲ ಹಳೆಯ ನಾಣ್ಯಗಳು. ಈಚಿನ ಟಂಕಸಾಲೆಯಲ್ಲಿ ಏನು ಅಚ್ಚಾಗುತ್ತಿದೆ ನೋಡೋಣ.

ಮಾವೋ ಕಾಲದಿಂದ ಸರ್ಕಾರಿ ಕಾರ್ಖಾನೆಯ ನೌಕರಿಗೆ ‘ಕಬ್ಬಿಣದ ಅನ್ನದ ಬಟ್ಟಲು’ ಎಂಬ ಹೆಸರಿತ್ತು. ಬಿದ್ದರೂ ಒಡೆಯದು, ಸಾಯುವವರೆಗೂ ಅನ್ನ. 1992ರಲ್ಲಿ ಡೆಂಗ್ ದಕ್ಷಿಣದ ನಗರಗಳ ಪ್ರವಾಸ ಮಾಡಿ ಮಾರುಕಟ್ಟೆಗೆ ಹಸಿರು ಬಾವುಟ ತೋರಿಸಿದ ಮೇಲೆ ಅನೇಕರು ಆ ಬಟ್ಟಲನ್ನು ತಾವಾಗಿಯೇ ಕೆಳಗಿಟ್ಟು ವ್ಯಾಪಾರಕ್ಕಿಳಿದರು. ಇದಕ್ಕೆ ‘ಕಡಲಿಗಿಳಿಯುವುದು’ ಎಂದರು. 1990ರ ದಶಕದ ಕೊನೆಗೆ ಕೋಟಿಗಟ್ಟಲೆ ಕಾರ್ಮಿಕರ ಬಟ್ಟಲನ್ನು ಸರ್ಕಾರವೇ ಕಿತ್ತುಕೊಂಡಿತು. ಅದಕ್ಕೆ ‘ವಜಾ’ ಎನ್ನದೆ ‘ಠಾಣೆಯಿಂದ ಇಳಿಯುವುದು’ ಎಂಬ ಮೆತ್ತನೆಯ ಪದ ಬಂತು. ದಕ್ಷಿಣದ ಬಾಯಿಗಳು ಇಷ್ಟು ಮೆತ್ತಗಿಲ್ಲ. ಕೆಲಸ ಹೋದರೆ ಕ್ಯಾಂಟನ್ ಕಡೆಯವರು ‘ಹುರಿದ ಸ್ಕ್ವಿಡ್ ಆದ’ ಎನ್ನುತ್ತಾರೆ. ನಮ್ಮ ಕರಾವಳಿಯವರಿಗೆ ಸ್ಕ್ವಿಡ್ ಗೊತ್ತು, ಬೊಂಡಾಸ ಎನ್ನುತ್ತಾರೆ. ಬಿಸಿ ಬಾಣಲೆಗೆ ಬಿದ್ದೊಡನೆ ಅದು ಸುರುಳಿ ಸುತ್ತಿಕೊಳ್ಳುತ್ತದೆ, ಕೆಲಸ ಕಳೆದುಕೊಂಡ ಆಳು ಹಾಸಿಗೆ ಸುತ್ತಿಕೊಂಡು ಹೊರಡುವ ಹಾಗೆ. ಗಂಟುಮೂಟೆ ಕಟ್ಟುವುದು ಎನ್ನುವ ನಮ್ಮ ಮಾತಿಗೆ ಬಾಣಲೆಯ ಬಿಸಿ ತಾಗಿಸಿದರೆ ಇದೇ ಆಗುತ್ತದೆ.

ಸಂಬಳ ಬಂದ ತಿಂಗಳಲ್ಲೇ ಪೂರ್ತಿ ಮುಗಿಸುವ ನಗರದ ಯುವಜನರಿಗೆ ‘ಯುವೆಗ್ವಾಂಗ್ ತ್ಸು’ ಎಂಬ ಹೆಸರು ಬಂತು. ‘ಯುವೆ’ ಅಂದರೆ ಚಂದ್ರ, ತಿಂಗಳು ಕೂಡ. ‘ಗ್ವಾಂಗ್’ ಅಂದರೆ ಬೆಳಕು, ಪೂರಾ ಖಾಲಿ ಕೂಡ. ‘ತ್ಸು’ ಅಂದರೆ ಕುಲ. ಬೆಳದಿಂಗಳ ಕುಲ! ಅಥವಾ ತಿಂಗಳು ಬರಿದಾದವರ ಕುಲ! ಇಂಗ್ಲಿಷಿಗೆ ಈ ಶ್ಲೇಷೆಯನ್ನು ಒಯ್ಯುವವರು ಅಡಿಟಿಪ್ಪಣಿ ಬರೆದು ಸುಸ್ತಾಗುತ್ತಾರೆ. ಕನ್ನಡಕ್ಕೆ ಅದು ಅರ್ಧ ದಾರಿ ತಾನಾಗಿಯೇ ನಡೆದುಬರುತ್ತದೆ, ಏಕೆಂದರೆ ನಮ್ಮ ‘ತಿಂಗಳು’ ಕೂಡ ಆಕಾಶದ ಚಂದ್ರನೂ ಹೌದು, ಸಂಬಳದ ಅವಧಿಯೂ ಹೌದು. ತಿಂಗಳ ಬೆಳಕಿನಲ್ಲಿ ಬರಿಗೈ ತಿರುವಿ ನೋಡಿಕೊಳ್ಳುವ ಹುಡುಗ ಹುಡುಗಿಯರು ನಮ್ಮ ಬೆಂಗಳೂರಿನಲ್ಲೂ ಕಡಮೆಯಿಲ್ಲ.

ಮನೆಸಾಲದ ಕಂತಿಗೆ ಜೀವ ತೇಯುವವನು ‘ಮನೆಯ ಗುಲಾಮ’. ದುಡಿಯುವ ವಯಸ್ಸಿನಲ್ಲೂ ಹೆತ್ತವರ ಪಿಂಚಣಿ ತಿನ್ನುವವರು ‘ಮುದುಕರನ್ನು ಕಡಿಯುವ ಕುಲ’. ಕಂತು ಕಟ್ಟುತ್ತಿದ್ದರೂ ಬಿಲ್ಡರ್ ಕೈಯೆತ್ತಿ ಅರ್ಧಕ್ಕೆ ನಿಂತ ಕಟ್ಟಡ ‘ಬಾಲ ಕೊಳೆತ ಮಹಡಿ’. 2009ರಿಂದ ಪ್ರತಿ ನವೆಂಬರ್ 11ರಂದು ನಡೆಯುವ ಆನ್‌ಲೈನ್ ಮಾರಾಟದ ಜಾತ್ರೆಯಲ್ಲಿ ಕೊಂಡೂ ಕೊಂಡೂ ಕೈಸೋತವರು, ಇನ್ನು ಈ ಕೈಯನ್ನೇ ಕಡಿದುಹಾಕಬೇಕು ಎಂದು ಹಲುಬುತ್ತಾರೆ. ಆಮೇಲೆ ತಿಂಗಳಿಡೀ ‘ಮಣ್ಣು ತಿನ್ನುತ್ತೇನೆ’ ಎನ್ನುತ್ತಾರೆ. ಬಾಯಿಗೆ ಮಣ್ಣು ಬೀಳುವುದು ನಮಗೂ ಗೊತ್ತಿರುವ ದುರ್ಗತಿ. ಅಗ್ಗದ ಎರಡು ತಿಂಡಿ ಕೂಡಿಸಿ ಕೊಡುವ ಊಟಕ್ಕೆ ಹುಡುಗರು ಇಟ್ಟ ಹೆಸರು ‘ಬಡದೆವ್ವದ ಊಟ’. ದುಡ್ಡಿಗಾಗಿ ಬೀಸುಕಲ್ಲು ಬೀಸುತ್ತಿದ್ದ ದೆವ್ವ ಈಗ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಿದೆ. 2023ರ ಜೂನ್‌ನಲ್ಲಿ ಚೀನದ ನಗರಗಳ 16ರಿಂದ 24ರ ವಯಸ್ಸಿನವರಲ್ಲಿ ನಿರುದ್ಯೋಗ ಶೇಕಡಾ 21.3ಕ್ಕೆ ಮುಟ್ಟಿತು. ಆಗಸ್ಟ್‌ನಲ್ಲಿ ಸರ್ಕಾರ ಆ ಅಂಕಿ ಪ್ರಕಟಿಸುವುದನ್ನೇ ಕೆಲವು ತಿಂಗಳು ನಿಲ್ಲಿಸಿ, ಆಮೇಲೆ ವಿದ್ಯಾರ್ಥಿಗಳನ್ನು ಕೈಬಿಟ್ಟು ಹೊಸ ರೀತಿಯಲ್ಲಿ ಎಣಿಸತೊಡಗಿತು. ಅಂಕಿ ಮೌನವಾಗಿದ್ದಾಗಲೂ ‘ಬಡದೆವ್ವದ ಊಟ’ ಎಂಬ ಪದ ಮೊಬೈಲಿನಿಂದ ಮೊಬೈಲಿಗೆ ಓಡುತ್ತಿತ್ತು.

ಹಳೆಯ ಮಾತಿಗೂ ಹೊಸ ಮಾತಿಗೂ ಒಂದು ವ್ಯತ್ಯಾಸ ನಿಮಗೆ ಹೊಳೆದಿರಬಹುದು. ಹಿಂದೆ ನಾಚಿಕೆ ಚೀಲಕ್ಕಾಗುತ್ತಿತ್ತು, ಮೊಣಕೈ ಹೊರಬರುತ್ತಿತ್ತು, ಮುಚ್ಚಳ ಹಟ ಮಾಡುತ್ತಿತ್ತು. ಮನುಷ್ಯ ಅವುಗಳ ಮರೆಯಲ್ಲಿ ನಿಂತು ಮಾನ ಉಳಿಸಿಕೊಳ್ಳುತ್ತಿದ್ದ. ಈಗಿನವರು ವಸ್ತುವನ್ನು ಪಕ್ಕಕ್ಕೆ ಸರಿಸಿ ತಮ್ಮ ಮೇಲೇ ಹೆಸರು ಅಂಟಿಸಿಕೊಂಡಿದ್ದಾರೆ: ನಾನು ಗುಲಾಮ, ನಾನು ದೆವ್ವ, ನಾನು ಬೆಳದಿಂಗಳ ಕುಲದವನು. ಮೊದಮೊದಲು ಇದು ನನಗೆ ಕಟುವಾಗಿ ಕೇಳಿಸುತ್ತಿತ್ತು. ಆಮೇಲೆ ಆ ‘ಕುಲ’ ಎಂಬ ಪದದ ಮೇಲೆ ಗಮನ ಹೋಯಿತು. ಕುಲ ಎಂದರೆ ಒಬ್ಬನಲ್ಲ. ಅಪ್ಪಂದಿರು ಚೀಲದ ಹಿಂದೆ ಅಡಗಿದರು, ಮಕ್ಕಳು ಗುಂಪಿನೊಳಗೆ ಅಡಗಿದ್ದಾರೆ. ಎಲ್ಲರೂ ದೆವ್ವಗಳೇ ಆದ ಸಾಲಿನಲ್ಲಿ ನಿಂತು ಊಟ ತೆಗೆದುಕೊಳ್ಳಲು ಯಾವ ದೆವ್ವಕ್ಕೂ ನಾಚಿಕೆಯಿಲ್ಲ.

ಈ ಜಾಣ್ಮೆ ಕೂಡ ಅಷ್ಟು ಹೊಸದೇನಲ್ಲ. ಥಾಂಗ್ ವಂಶದ ಕಾಲದಲ್ಲಿ ಮೊದಲ ತಿಂಗಳ ಕೊನೆಗೆ ಬಡತನದ ದೆವ್ವವನ್ನು ಮನೆಯಿಂದ ಬೀಳ್ಕೊಡುವ ಆಚರಣೆಯಿತ್ತು. ಕ್ರಿಸ್ತಶಕ 811ರಲ್ಲಿ ಹಾನ್ ಯೂ ಎಂಬ ದೊಡ್ಡ ಗದ್ಯಲೇಖಕ ಇದನ್ನೇ ಹಿಡಿದು ಒಂದು ಲೇಖನ ಬರೆದ. ವಿಲೋ ಕಡ್ಡಿಯ ಬಂಡಿ, ಹುಲ್ಲಿನ ದೋಣಿ ಸಿದ್ಧಮಾಡಿ, ದಾರಿಗೆ ಬುತ್ತಿ ಕಟ್ಟಿ, ದಯವಿಟ್ಟು ಹೊರಡಿ ಎಂದು ತನ್ನ ಐದು ಬಡದೆವ್ವಗಳಿಗೆ ಕೈಮುಗಿದ. ಅವು ಹೊರಡಲಿಲ್ಲ; ನಿನ್ನನ್ನು ಇಷ್ಟು ವರ್ಷ ಬಿಡದೆ ಕಾದವರು ನಾವಲ್ಲದೆ ಇನ್ನಾರು ಎಂದು ವಾದ ಹೂಡಿದವು. ಕೊನೆಗೆ ಹಾನ್ ಯೂ ಬಂಡಿ, ದೋಣಿ ಸುಟ್ಟುಹಾಕಿ ದೆವ್ವಗಳನ್ನು ಮೇಲಿನ ಮಣೆಯಲ್ಲಿ ಕೂರಿಸಿದ.

ಇನ್ನೊಂದೇ ಪದ ಹೇಳಿ ಮಾತು ಮುಗಿಸುತ್ತೇನೆ. ‘ಯೂ’ ಅಂದರೆ ಮೀನು. ಅದೇ ದನಿಯಲ್ಲಿ ಇನ್ನೊಂದು ‘ಯೂ’, ಅಂದರೆ ಮಿಕ್ಕಿದ್ದು, ಉಳಿತಾಯ. ಹಾಗಾಗಿ ಚೀನೀ ಹೊಸವರ್ಷದ ಹಿಂದಿನ ರಾತ್ರಿ ಊಟಕ್ಕೆ ಮೀನು ಇರಲೇಬೇಕು, ಮತ್ತು ಅದನ್ನು ಪೂರ್ತಿ ತಿನ್ನಬಾರದು. ಒಂದಿಷ್ಟು ನಾಳೆಗೆ ಉಳಿಸಬೇಕು. ಮೀನು ಉಳಿದರೆ ವರ್ಷವಿಡೀ ಏನಾದರೊಂದು ಉಳಿಯುತ್ತದೆಂದು ನಂಬಿಕೆ. ಕಡಲಿನಿಂದ ದೂರದ ಒಳನಾಡಿನಲ್ಲಿ ಹಿಂದೆ ಎಲ್ಲರಿಗೂ ಮೀನು ಎಲ್ಲಿಂದ ಬರಬೇಕು? ಕೆಲವು ಕಡೆ ಮರದಲ್ಲಿ ಮೀನು ಕೆತ್ತಿ, ತಟ್ಟೆಯಲ್ಲಿಟ್ಟು, ಮೇಲೆ ಸಾರು ಸುರಿದು ಎಲ್ಲರ ನಡುವೆ ಇಡುತ್ತಿದ್ದರು. ನೆಂಟರು ಸಾರಿನಲ್ಲಿ ಅದ್ದಿಕೊಂಡು ಉಣ್ಣುತ್ತಿದ್ದರು. ಅದು ಮರದ್ದೆಂದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಊಟವಾದ ಮೇಲೆ ಮನೆಯಾಕೆ ಮೀನನ್ನು ತೊಳೆದು ಒರೆಸಿ ಮುಂದಿನ ವರ್ಷಕ್ಕೆ ತೆಗೆದಿಡುತ್ತಾಳೆ.